ಕನೆಕ್ಷನ್ ಹೋದ ಮೇಲೂ ಔಟ್‌ಪುಟ್ ಸಿಗಬೇಕು

ಸರ್ವರ್‌ನಲ್ಲಿ ಗಂಟೆಗಟ್ಟಲೆ ಓಡುವ ಕೆಲಸ ಶುರು ಮಾಡುವವರನ್ನು ನಾನು ಮೊದಲು ಕೇಳುವುದು ಇದನ್ನೇ: ಈಗ ನೆಟ್ ಹೋದರೆ, ಕೊನೆಗೆ ಏನಾಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? "ಟೀಮಕ್ಸ್‌ನಲ್ಲೇ ಇದ್ದೀನಿ ಸಾರ್" ಅನ್ನುತ್ತಾರೆ. ಟೀಮಕ್ಸ್ (tmux) ಅಂದರೆ ಕನೆಕ್ಷನ್ ಹೋದರೂ ಕೆಲಸವನ್ನು ಸರ್ವರ್‌ನಲ್ಲಿ ಓಡಿಸುತ್ತಲೇ ಇರುವ ಪ್ರೋಗ್ರಾಂ. ಆದರೂ ಆ ಉತ್ತರ ಅರ್ಧ ಮಾತ್ರ. ಕೆಲಸ ಸಾಯದಂತೆ ನೋಡಿಕೊಳ್ಳುವುದು ಬೇರೆ, ಅದು ಬರೆದದ್ದನ್ನು ಉಳಿಸಿಕೊಳ್ಳುವುದು ಬೇರೆ.

ಎಸ್‌ಎಸ್‌ಎಚ್ (SSH, ದೂರದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಸೆಷನ್ ಮುಚ್ಚಿದಾಗ, ಅದರಲ್ಲಿ ಓಡುತ್ತಿದ್ದ ಪ್ರೋಗ್ರಾಂಗಳಿಗೆ ಸಿಗ್‌ಹಪ್ ಅನ್ನುವ ಸಿಗ್ನಲ್ ಹೋಗುತ್ತದೆ. ಬೇರೆ ಏರ್ಪಾಡು ಇಲ್ಲದ ಪ್ರೋಗ್ರಾಂ ಅಲ್ಲಿಗೇ ಮುಗಿಯುತ್ತದೆ. ಆದರೆ ವೈಫೈ ಹೋದ ಕ್ಷಣಕ್ಕೇ ಇದು ಆಗುವುದಿಲ್ಲ. ಲ್ಯಾಪ್‌ಟಾಪ್ ಸದ್ದಿಲ್ಲದೆ ಮಾಯವಾದರೆ ಸರ್ವರ್‌ಗೆ ಸುದ್ದಿಯೇ ಇರುವುದಿಲ್ಲ. ಔಟ್‌ಪುಟ್ ಕಳಿಸಲು ಹೋಗಿ ಉತ್ತರ ಬರದಿದ್ದರೆ ಲಿನಕ್ಸ್ ಮತ್ತೆ ಮತ್ತೆ ಪ್ರಯತ್ನಿಸಿ, ಸಾಮಾನ್ಯವಾಗಿ 15 ನಿಮಿಷದ ಆಸುಪಾಸಿನಲ್ಲಿ ಕೈಬಿಡುತ್ತದೆ. ಅಷ್ಟರೊಳಗೆ ಕೆಲಸ ಮುಗಿದುಹೋಗಬಹುದು. "ಹೋದ ಸಲ ಏನೂ ಆಗಲಿಲ್ವಲ್ಲ" ಅನ್ನುವ ಧೈರ್ಯ ಬರುವುದು ಇಲ್ಲಿಂದಲೇ. ದಯವಿಟ್ಟು ಅದನ್ನು ನಂಬಬೇಡಿ.

ಓಡಿಸುವ ಕಮಾಂಡಿನ ಮೊದಲಿಗೆ ನೋಹಪ್ (nohup) ಅನ್ನುವ ಕಮಾಂಡ್ ಹಾಕಿದರೆ ಸಿಗ್‌ಹಪ್ ತಟ್ಟುವುದಿಲ್ಲ, ಔಟ್‌ಪುಟ್ ಫೈಲಿಗೆ ಹೋಗುತ್ತದೆ. ಆದರೆ ಪ್ರೋಗ್ರಾಂ ಮಧ್ಯೆ "ಮುಂದುವರಿಸಲೇ?" ಅಂತ ಕೇಳಿದರೆ ಉತ್ತರ ಕೊಡಲು ಆಗುವುದಿಲ್ಲ. ಪೈಥಾನ್ ಸ್ಕ್ರಿಪ್ಟ್ ಆದರೆ ಇನ್ನೊಂದು ಗೊಂದಲ: ಅರ್ಧ ಗಂಟೆಯಾದರೂ ಫೈಲ್ ಖಾಲಿ! ಫೈಲಿಗೆ ಬರೆಯುವಾಗ ಪೈಥಾನ್ ಸಾಲುಗಳನ್ನು ಬಫರ್‌ನಲ್ಲಿ ಕೂಡಿಟ್ಟು ಒಟ್ಟಿಗೆ ಬರೆಯುತ್ತದೆ. ಮಧ್ಯೆ ಕಿಲ್ ಆದರೆ ಕೊನೆಯ ಸಾಲುಗಳು ಹೋದ ಹಾಗೇ, ನಮಗೆ ಬೇಕಾದದ್ದೂ ಅವೇ ಅಲ್ವಾ? '-u' ಆಪ್ಷನ್ ಕೊಟ್ಟು ಓಡಿಸಿದರೆ ಈ ತೊಂದರೆ ಇಲ್ಲ.

1987ರಿಂದ ಇರುವ ಸ್ಕ್ರೀನ್ (screen) ಅನ್ನುವ ಪ್ರೋಗ್ರಾಂ, 2007ರಲ್ಲಿ ಬಂದ ಟೀಮಕ್ಸ್ ಎರಡೂ ಟರ್ಮಿನಲ್ ಅನ್ನು ಸರ್ವರ್‌ನಲ್ಲೇ ಇಟ್ಟುಕೊಳ್ಳುತ್ತವೆ. ಕನೆಕ್ಷನ್ ಹೋದರೆ ಮತ್ತೆ ಲಾಗಿನ್ ಆಗಿ ಅದೇ ಟರ್ಮಿನಲ್‌ಗೆ ಅಟ್ಯಾಚ್ ಮಾಡಿದರಾಯ್ತು. ನಾನೂ ದಿನಾ ಟೀಮಕ್ಸ್ ಬಳಸುತ್ತೇನೆ. ಆದರೆ ಅದು ಹಳೆಯ ಸಾಲುಗಳಲ್ಲಿ ನೆನಪಿಡುವುದು ಡೀಫಾಲ್ಟ್ ಆಗಿ ಬರೀ 2000. ಸ್ಕ್ರೀನ್ ಆದರೆ 100. ಡೇಟಾಬೇಸ್ ಮೈಗ್ರೇಶನ್ ಒಂದು ನಿಮಿಷದಲ್ಲಿ ಅದಕ್ಕಿಂತ ಜಾಸ್ತಿ ಉಗುಳುತ್ತದೆ. ರಾತ್ರಿ ಬಂದ ಮೊದಲ ಎರರ್ ಬೆಳಿಗ್ಗೆ ಹುಡುಕಿದರೆ ಇರುವುದಿಲ್ಲ. ಹಿಸ್ಟರಿ ಲಿಮಿಟ್ ಅನ್ನು 50000ಕ್ಕೆ ಏರಿಸಿ, ಆದರೆ ಆಗಲೇ ತೆರೆದಿರುವ ವಿಂಡೋಗೆ ಅದು ಅನ್ವಯಿಸುವುದಿಲ್ಲ. ಮೊದಲೇ ಕಾನ್ಫಿಗ್‌ನಲ್ಲಿ ಹಾಕಿಟ್ಟಿರಬೇಕು. ಏರಿಸಿದರೂ ಎಲ್ಲ ಇರುವುದು ಮೆಮೊರಿಯಲ್ಲಿ. ಸರ್ವರ್ ರೀಬೂಟ್ ಆದರೆ ಟೀಮಕ್ಸೂ ಹೋಯ್ತು, ಸಾಲುಗಳೂ ಹೋದವು.

ಅದಕ್ಕೇ ಟೀಮಕ್ಸ್ ಒಳಗಿದ್ದರೂ ನಾನು ಫೈಲ್ ಬಿಡುವುದಿಲ್ಲ. ಕಮಾಂಡಿನ ಕೊನೆಗೆ ಪೈಪ್ ಗುರುತು (|) ಇಟ್ಟು ಟೀ (tee) ಅನ್ನುವ ಕಮಾಂಡ್ ಹಾಕಿದರೆ ಔಟ್‌ಪುಟ್ ಪರದೆಯಲ್ಲೂ ಕಾಣುತ್ತದೆ, ಡಿಸ್ಕಿಗೂ ಹೋಗುತ್ತದೆ. ಆ ಪೈಪ್ ಗುರುತಿಗಿಂತ ಮೊದಲು '2>&1' ಮರೆಯಬೇಡಿ. ಅದಿಲ್ಲದಿದ್ದರೆ ಎಲ್ಲ ಸರಿಯಿರುವ ಸಾಲುಗಳು ಫೈಲಿಗೆ, ಎರರ್‌ಗಳು ಮಾತ್ರ ಬರೀ ಪರದೆಗೆ. ಸಾಲು ಸಾಲಾಗಿ ಹಲವು ಕಮಾಂಡ್ ಟೈಪ್ ಮಾಡುವ ಕೆಲಸವಾದರೆ ಟೀಮಕ್ಸ್‌ನ ಪೈಪ್-ಪೇನ್ (pipe-pane) ಕಮಾಂಡ್ ಒಳ್ಳೆಯದು; ಪೇನ್ ಅಂದರೆ ಟೀಮಕ್ಸ್ ವಿಂಡೋದ ಒಂದು ಭಾಗ. ಆನ್ ಮಾಡಿದ ಮೇಲೆ ಆ ಪೇನ್‌ನಲ್ಲಿ ಬಂದದ್ದೆಲ್ಲ ಫೈಲಿಗೆ ಸೇರುತ್ತದೆ. ಬಣ್ಣದ ಕೋಡ್‌ಗಳೂ ಸೇರುವುದರಿಂದ ಓದುವಾಗ ಫೈಲ್ ತೋರಿಸುವ ಲೆಸ್ (less) ಕಮಾಂಡಿಗೆ '-R' ಕೊಡಿ.

ಎಸ್‌ಎಸ್‌ಎಚ್ ಬದಲು ಬಳಸುವ ಮೋಶ್ (mosh) ಬಗ್ಗೆಯೂ ಕೇಳುತ್ತಾರೆ. ನೆಟ್ ಬದಲಾದರೂ ಸೆಷನ್ ಉಳಿಸುವುದರಲ್ಲಿ ಅದು ಗಟ್ಟಿ. ಆದರೆ ಅದು ತೋರಿಸುವುದು ಈಗಿನ ಪರದೆಯನ್ನು ಮಾತ್ರ, ಮೇಲೆ ಸರಿದುಹೋದದ್ದನ್ನಲ್ಲ. ಜೊತೆಗೆ ಟೀಮಕ್ಸ್ ಬೇಕೇ ಬೇಕು.

ಇದ್ಯಾವುದೂ ಇಲ್ಲದೆ ಶುರು ಮಾಡಿ, ಈಗ ಕನೆಕ್ಷನ್ ಹೋಯ್ತಾ? ಮೊದಲು ಆ ಟರ್ಮಿನಲ್ ವಿಂಡೋ ಮುಚ್ಚಬೇಡಿ. ಅಲ್ಲಿವರೆಗೆ ಬಂದ ಸಾಲುಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇವೆ, ಕಾಪಿ ಮಾಡಿ ಫೈಲಿಗೆ ಹಾಕಿಕೊಳ್ಳಿ. ಆಮೇಲೆ ಬೇಗ ಇನ್ನೊಂದು ಲಾಗಿನ್ ತೆರೆದು ಪ್ರೋಸೆಸ್ ಇನ್ನೂ ಇದೆಯಾ ನೋಡಿ. ಇದ್ದರೆ, ಟೀಮಕ್ಸ್ ಒಳಗಿನಿಂದ reptyr ಅನ್ನುವ ಟೂಲ್ ಬಳಸಿ ಅದನ್ನು ಹೊಸ ಟರ್ಮಿನಲ್‌ಗೆ ಎಳೆದುಕೊಳ್ಳಲು ಸಾಧ್ಯ. ಉಬುಂಟುನಲ್ಲಿ ಅದಕ್ಕೆ ಸಾಮಾನ್ಯವಾಗಿ ರೂಟ್ (ಅಡ್ಮಿನ್) ಅನುಮತಿ ಬೇಕಾಗುತ್ತದೆ.