ಕೆಸರಿನಲ್ಲಿ ಪಳಗಿದ ಓಟ: ಮರಿಯಾನೆ ವೋಸ್

2006ರ ಜನವರಿಯಲ್ಲಿ ನೆದರ್ಲೆಂಡ್ಸಿನ ಝೆಡ್ಡಮ್ ಎಂಬಲ್ಲಿ ನಡೆದ ವಿಶ್ವ ಸೈಕ್ಲೋಕ್ರಾಸ್ ಚಾಂಪಿಯನ್‌ಷಿಪ್‌ನಲ್ಲಿ ಅದೇ ದೇಶದ 18 ವರ್ಷದ ಸೈಕಲ್ ಸ್ಪರ್ಧಿ ಮರಿಯಾನೆ ವೋಸ್, ಜರ್ಮನಿಯ ಅನುಭವಿ ಸ್ಪರ್ಧಿ ಹಾಂಕಾ ಕುಪ್ಫರ್ನಾಗೆಲ್ ಅವರನ್ನು ಕೊನೆಯ ಕೆಲವು ಮೀಟರುಗಳಲ್ಲಿ ಹಿಂದಿಕ್ಕಿ ಪ್ರಶಸ್ತಿ ಗೆದ್ದರು. 2022ರ ಜನವರಿಯಲ್ಲಿ ಅಮೆರಿಕದ ಫೆಯೆಟ್‌ವಿಲ್‌ನಲ್ಲಿ ಅದೇ ಪ್ರಶಸ್ತಿಯನ್ನು ಎಂಟನೆಯ ಬಾರಿಗೆ ಗೆದ್ದಾಗ ಅವರಿಗೆ 34 ವರ್ಷ. ಹದಿನಾರು ವರ್ಷಗಳ ಅಂತರದ ಈ ಎರಡೂ ಗೆಲುವುಗಳು ನಿರ್ಧಾರವಾದದ್ದು ಅಂತಿಮ ಗೆರೆಯ ಬಳಿಯ ವೇಗದ ಜಿಗಿತದಲ್ಲಿಯೇ. ಹರೆಯದ ದೇಹಕ್ಕೆ ಸಹಜವಾದ ಈ ಸ್ಫೋಟಕ ಶಕ್ತಿಯನ್ನು ಇಷ್ಟು ದೀರ್ಘಕಾಲ ಉಳಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಮೊದಲು ಈ ಕ್ರೀಡೆಯು ದೇಹದಿಂದ ಏನನ್ನು ಕೇಳುತ್ತದೆ ಎಂಬುದನ್ನು ನೋಡಬೇಕು.

ಸೈಕ್ಲೋಕ್ರಾಸ್ ಯುರೋಪಿನ ಚಳಿಗಾಲದ ಆಟ. ಹುಲ್ಲು, ಕೆಸರು, ಮರಳು, ಕಡಿದಾದ ದಿಬ್ಬಗಳಿರುವ ಸುಮಾರು ಮೂರು ಕಿಲೋಮೀಟರ್ ಸುತ್ತಿನ ಹಾದಿಯನ್ನು ಸ್ಪರ್ಧಿಗಳು ಮತ್ತೆ ಮತ್ತೆ ಸುತ್ತುತ್ತಾರೆ. ಮೆಟ್ಟಿಲು, ಅಡ್ಡಹಲಗೆಗಳು ಎದುರಾದಾಗ ಹೆಚ್ಚಿನವರು ಸೈಕಲ್ಲನ್ನು ಎತ್ತಿಕೊಂಡೋ ಹೆಗಲಿಗೇರಿಸಿಕೊಂಡೋ ಓಡುತ್ತಾರೆ. ಮಹಿಳೆಯರ ಸ್ಪರ್ಧೆ ಈಗ ಸುಮಾರು 50 ನಿಮಿಷಗಳದ್ದು, ಪುರುಷರದ್ದು ಒಂದು ಗಂಟೆಯದ್ದು. ಐದಾರು ಗಂಟೆ ನಡೆಯುವ ರಸ್ತೆ ಸ್ಪರ್ಧೆಯ ಮುಂದೆ ಇದು ಚಿಕ್ಕದೆನಿಸಬಹುದು. ಆದರೆ ಇಲ್ಲಿ ಗುಂಪಿನ ಮರೆಯಲ್ಲಿ ಸುಧಾರಿಸಿಕೊಳ್ಳುವ ಅವಕಾಶ ತೀರಾ ಕಡಿಮೆ.

ಪ್ರತಿಯೊಂದು ತಿರುವಿನಲ್ಲಿ ವೇಗ ಕುಸಿಯುತ್ತದೆ, ಅದನ್ನು ದಾಟಿದೊಡನೆ ಪೂರ್ಣ ಬಲದಿಂದ ಪೆಡಲ್ ತುಳಿಯಬೇಕಾಗುತ್ತದೆ. ಕೆಲವೇ ಸೆಕೆಂಡುಗಳ ಇಂಥ ತೀವ್ರ ಶ್ರಮಕ್ಕೆ ಸ್ನಾಯುಗಳು ತಮ್ಮಲ್ಲಿ ಸಂಗ್ರಹವಾಗಿರುವ ಫಾಸ್ಫೋಕ್ರಿಯೇಟಿನ್ ಎಂಬ ರಾಸಾಯನಿಕವನ್ನು ಬಳಸಿ, ಆಮ್ಲಜನಕದ ಹಂಗಿಲ್ಲದೆ ಶಕ್ತಿಯನ್ನು ಪಡೆಯುತ್ತವೆ. ಈ ದಾಸ್ತಾನು ಬೇಗ ಬರಿದಾಗುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಆಮ್ಲಜನಕ ಬೇಕು, ಬಿಡುವೂ ಬೇಕು. ಸಿಗುವ ಬಿಡುವಾದರೋ ಇಳಿಜಾರಿನ ಹತ್ತಾರು ಸೆಕೆಂಡುಗಳಷ್ಟೇ. ಆದ್ದರಿಂದ ಈ ಕ್ರೀಡೆಯಲ್ಲಿ ಒಮ್ಮೆ ಎಷ್ಟು ಜೋರಾಗಿ ನುಗ್ಗಬಲ್ಲಿರಿ ಎಂಬುದರಷ್ಟೇ, ನುಗ್ಗಿದ ಮೇಲೆ ಎಷ್ಟು ಬೇಗ ಚೇತರಿಸಿಕೊಳ್ಳಬಲ್ಲಿರಿ ಎಂಬುದೂ ಮುಖ್ಯವಾಗುತ್ತದೆ.

ಇದರ ಜೊತೆಗೆ ನೆಲದ ಭೌತವಿಜ್ಞಾನವಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಟಯರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ಹಾಗಾಗಿ ಹಿಡಿತ ಹೆಚ್ಚಿಸಲು ಉಳಿಯುವ ದೊಡ್ಡ ಉಪಾಯವೆಂದರೆ ಗಾಳಿಯನ್ನು ಇಳಿಸುವುದು. ಕೆಸರಿನ ದಿನ ಸ್ಪರ್ಧಿಗಳು ಒತ್ತಡವನ್ನು 20ರಿಂದ 25 ಪಿಎಸ್‌ಐ ಆಸುಪಾಸಿಗೆ, ಎಂದರೆ ಸಾಮಾನ್ಯ ಕಾರಿನ ಟಯರಿನಲ್ಲಿರುವುದಕ್ಕಿಂತಲೂ ಕೆಳಗೆ, ಇಳಿಸುತ್ತಾರೆ. ಆಗ ಟಯರು ಚಪ್ಪಟೆಯಾಗಿ ಹೆಚ್ಚು ನೆಲವನ್ನು ಅಪ್ಪುತ್ತದೆ, ಕಲ್ಲುಬೇರುಗಳ ಮೇಲೆ ಪುಟಿಯದೆ ಅವುಗಳ ಆಕಾರಕ್ಕೆ ಬಾಗುತ್ತದೆ. ತೀರಾ ಇಳಿಸಿದರೆ ಚಕ್ರದ ರಿಮ್ಮು ನೆಲಕ್ಕೆ ಬಡಿಯುತ್ತದೆ. ಮರಳಿನ ಕಷ್ಟ ಬೇರೆ ಬಗೆಯದು. ವೇಗ ತಗ್ಗಿದಷ್ಟೂ ಚಕ್ರ ಹೂತುಕೊಳ್ಳುತ್ತದೆ, ಹೂತಷ್ಟೂ ವೇಗ ತಗ್ಗುತ್ತದೆ. ಸವಾರರು ಮೈಭಾರವನ್ನು ಹಿಂದಕ್ಕೆ ಸರಿಸಿ, ಹ್ಯಾಂಡಲನ್ನು ಬಿಗಿಹಿಡಿಯದೆ, ತುಳಿತವನ್ನು ಒಂದೇ ಸಮನಾಗಿಟ್ಟು ಪಾರಾಗಬೇಕು. ಬೆಲ್ಜಿಯಂ ಕರಾವಳಿಯ ಕಾಕ್ಸೈಡೆಯ ಮರಳುದಿಬ್ಬಗಳು ಇದಕ್ಕೆ ಕುಖ್ಯಾತ; 2012ರ ವಿಶ್ವ ಪ್ರಶಸ್ತಿಯನ್ನು ವೋಸ್ ಗೆದ್ದದ್ದು ಅಲ್ಲಿಯೇ.

ನನ್ನ ದೃಷ್ಟಿಯಲ್ಲಿ ಅವರ ದೀರ್ಘ ಕ್ರೀಡಾಜೀವನದ ಗುಟ್ಟು ಇರುವುದು ಇಲ್ಲಿ. ತಿರುವಿನಲ್ಲಿ ಬ್ರೇಕನ್ನು ಕಡಿಮೆ ಹಿಡಿಯುವವರು ಮರಳಿ ವೇಗ ಪಡೆಯಲು ಕಡಿಮೆ ಶಕ್ತಿ ವ್ಯಯಿಸುತ್ತಾರೆ, ಮತ್ತು ಹೀಗೆ ಉಳಿಸಿದ ಶಕ್ತಿಯೇ ಕೊನೆಯ ಸುತ್ತಿನಲ್ಲಿ ಅಸ್ತ್ರವಾಗುತ್ತದೆ. ವಯಸ್ಸಿನೊಂದಿಗೆ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ನಿಧಾನವಾಗಿ ಇಳಿಯುತ್ತದೆ, ಆದರೆ ಬಾಲ್ಯದಲ್ಲಿ ಕಲಿತ ಸಮತೋಲನ ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ. 1987ರಲ್ಲಿ ಹುಟ್ಟಿದ ವೋಸ್, ಅಣ್ಣನನ್ನು ನೋಡಿ ಚಿಕ್ಕಂದಿನಲ್ಲೇ ಸೈಕಲ್ ಸ್ಪರ್ಧೆಗೆ ಇಳಿದವರು.

2009ರಿಂದ 2014ರವರೆಗೆ ಸತತ ಆರು ವರ್ಷ ಸೈಕ್ಲೋಕ್ರಾಸ್ ವಿಶ್ವ ಪ್ರಶಸ್ತಿ ಅವರದಾಗಿತ್ತು. ಈ ಚಳಿಗಾಲದ ಕಸುಬು ಬೇಸಿಗೆಗೂ ಒದಗಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದ ಟ್ರ್ಯಾಕ್ ಪಾಯಿಂಟ್ಸ್ ರೇಸ್ ಕೂಡ ಮತ್ತೆ ಮತ್ತೆ ನುಗ್ಗಿ ಮತ್ತೆ ಮತ್ತೆ ಚೇತರಿಸಿಕೊಳ್ಳುವ ಸ್ಪರ್ಧೆಯೇ. 2012ರ ಲಂಡನ್ ಒಲಿಂಪಿಕ್ಸ್‌ನ ರಸ್ತೆ ಸ್ಪರ್ಧೆಯಲ್ಲಿ ಸುರಿಯುವ ಮಳೆಯಲ್ಲಿ ಬ್ರಿಟನ್ನಿನ ಲಿಜ್ಜಿ ಆರ್ಮಿಟ್‌ಸ್ಟೆಡ್ ಅವರನ್ನು ಸೋಲಿಸಿದರು. ಹಾಗೆಂದು ಎಲ್ಲವೂ ಸಲೀಸಾಗಿರಲಿಲ್ಲ: ರಸ್ತೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2007ರಿಂದ 2011ರವರೆಗೆ ಐದು ವರ್ಷ ಬಿಡದೆ ಎರಡನೆಯ ಸ್ಥಾನವೇ ಅವರ ಪಾಲಿಗೆ ಬಂತು.

ವರ್ಷವಿಡೀ ಸ್ಪರ್ಧಿಸುವುದಕ್ಕೆ ಬೆಲೆಯೂ ಇದೆ. 2015ರಲ್ಲಿ ತಾಬೋರ್‌ನಲ್ಲಿ ಫ್ರಾನ್ಸಿನ ಪೋಲಿನ್ ಫೆರಾಂ ಪ್ರೆವೋ ಸೈಕ್ಲೋಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದಾಗ ವೋಸ್ ಮೂರನೆಯವರಾದರು. ಆ ಬಳಿಕ ತೊಡೆಯ ಹಿಂಭಾಗದ ಸ್ನಾಯುವಿನ ಗಾಯ ಮತ್ತು ಅತಿಯಾದ ದಣಿವಿನಿಂದ ಆ ವರ್ಷದ ರಸ್ತೆ ಋತು ಬಹುತೇಕ ಕೈತಪ್ಪಿತು. ತರಬೇತಿಯು ದೇಹವನ್ನು ಬಲಪಡಿಸುವುದು ವಿಶ್ರಾಂತಿಯ ಹೊತ್ತಿನಲ್ಲಿ. ಆ ವಿಶ್ರಾಂತಿ ತಿಂಗಳುಗಟ್ಟಲೆ ಸಾಲದೆ ಹೋದರೆ, ಶ್ರಮ ಹೆಚ್ಚಿಸಿದಷ್ಟೂ ಸಾಧನೆ ಕುಗ್ಗುವ ಸ್ಥಿತಿ ಬರುತ್ತದೆ. ಇದನ್ನು ಖಚಿತವಾಗಿ ಪತ್ತೆಹಚ್ಚುವ ಒಂದೇ ಒಂದು ರಕ್ತಪರೀಕ್ಷೆ ಇಂದಿಗೂ ಇಲ್ಲ, ಮದ್ದೆಂದರೆ ಬಿಡುವೇ.

ಫೆಯೆಟ್‌ವಿಲ್‌ನ ಕೊನೆಯ ಸುತ್ತಿನಲ್ಲಿ ವೋಸ್ ತಮ್ಮದೇ ದೇಶದ ಲೂಸಿಂಡಾ ಬ್ರಾಂಡ್ ಅವರ ಚಕ್ರದ ಹಿಂದೆಯೇ ಇದ್ದರು. ಮುಂದಿನವರ ಬೆನ್ನಿಗೆ ಅಂಟಿಕೊಂಡು ಸಾಗುವವರಿಗೆ ಗಾಳಿಯ ತಡೆ ಗಣನೀಯವಾಗಿ ಕಡಿಮೆಯಾಗುತ್ತದೆ, ವೇಗ ಹೆಚ್ಚಿದಂತೆ ಈ ಲಾಭವೂ ಹೆಚ್ಚುತ್ತದೆ. ಕೊನೆಯ ನೇರ ಹಾದಿಯಲ್ಲಿ ಆ ಮರೆಯಿಂದ ಹೊರಬಂದು ಅವರು ಬ್ರಾಂಡ್ ಅವರನ್ನು ದಾಟಿದರು.

2024ರಲ್ಲಿ, 37ನೆಯ ವಯಸ್ಸಿನಲ್ಲಿ, ಅವರು ಬೆಲ್ಜಿಯಂನ ಲುವೆನ್‌ನಲ್ಲಿ ಗ್ರಾವೆಲ್ ಎಂಬ ಕಚ್ಚಾರಸ್ತೆಯ ಸೈಕ್ಲಿಂಗ್‌ನ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಮರುವರ್ಷ ಮಹಿಳೆಯರ ಟೂರ್ ಡಿ ಫ್ರಾನ್ಸ್‌ನ ಮೊದಲ ಹಂತದಲ್ಲಿ, ಪ್ಲುಮೆಲೆಕ್ ಊರಿನ ಏರಿನ ಮೇಲೆ, ಗೆರೆಯ ಸನಿಹದಲ್ಲಿ ಅವರು ಹಿಂದಿಕ್ಕಿದ್ದು ಅದೇ ಫೆರಾಂ ಪ್ರೆವೋ ಅವರನ್ನು. ಆ ಹೊತ್ತಿಗೆ ಇಬ್ಬರೂ ಒಂದೇ ತಂಡದವರಾಗಿದ್ದರು, ಮತ್ತು ಒಟ್ಟಾರೆ ಟೂರ್ ಪ್ರಶಸ್ತಿ ಆ ಬಾರಿ ಫೆರಾಂ ಪ್ರೆವೋ ಅವರ ಪಾಲಾಯಿತು.