ಸೌಂಡ್ ಇದೆ, ಚಿತ್ರ ಇಲ್ಲ: ಬ್ರೌಸರ್‌ಗಳ ವಿಡಿಯೋ ಜಗಳದ ಹಿಂದಿನ ಕಥೆ

ಐಫೋನ್‌ನಲ್ಲಿ ತೆಗೆದ ಕಾರ್ಯಕ್ರಮದ ವಿಡಿಯೋವನ್ನು ಊರಿನ ಸಂಘದವರು ಹಾಗೆಯೇ ತಮ್ಮ ವೆಬ್‌ಸೈಟಿಗೆ ಹಾಕುತ್ತಾರೆ. ಅವರ ಫೋನಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಇನ್ಯಾರೋ ಹಳೇ ಲ್ಯಾಪ್‌ಟಾಪಿನಲ್ಲಿ ತೆರೆದರೆ ನಾದಸ್ವರ ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಫೈಲ್ ಹಾಳಾಗಿರಬೇಕು, ಇಲ್ಲವೇ ನೆಟ್ ಸ್ಲೋ ಇರಬೇಕು ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಆ ವಿಡಿಯೋವನ್ನು ಬಿಡಿಸಿ ತೋರಿಸಲು ಬೇಕಾದ ಲೈಸೆನ್ಸಿನ ದುಡ್ಡನ್ನು ಯಾರು ಕೊಡಬೇಕು ಅನ್ನೋ ಜಗಳ ಹದಿನೈದು ವರ್ಷಕ್ಕೂ ಮೇಲಾಗಿ ನಡೆದಿದೆ, ಅದರ ಏಟು ನೋಡುವವರ ಮೇಲೆ ಬಿದ್ದಿದೆ.

ಮೊದಲು ಒಂದು ವಿಷಯ ಗೊತ್ತಿರಬೇಕು. ಎಂಪಿ4 ಅಂದರೆ ಬರೀ ಡಬ್ಬಿ. ಒಳಗೆ ಚಿತ್ರ ಒಂದು ಕೋಡೆಕ್‌ನಲ್ಲಿ (ಅಂದರೆ ಕುಗ್ಗಿಸಿ ತುಂಬುವ, ಮತ್ತೆ ಬಿಡಿಸುವ ವಿಧಾನದಲ್ಲಿ) ಇರುತ್ತದೆ, ಧ್ವನಿ ಇನ್ನೊಂದರಲ್ಲಿ. ಐಫೋನ್ 2017ರಿಂದ ಚಿತ್ರವನ್ನು ಎಚ್‌ಇವಿಸಿಯಲ್ಲಿ ತುಂಬಿಸುತ್ತದೆ, ಧ್ವನಿಯನ್ನು ಎಎಸಿಯಲ್ಲಿ. ಎಎಸಿ ಹೆಚ್ಚುಕಡಿಮೆ ಎಲ್ಲ ಬ್ರೌಸರ್‌ಗೂ ಗೊತ್ತು, ಎಚ್‌ಇವಿಸಿ ಗೊತ್ತಿಲ್ಲದಿದ್ದರೆ ಚಿತ್ರ ಬರುವುದಿಲ್ಲ. ಸುಮ್ನೆ ಫೈಲಿನ ಹೆಸರಿನ ಕೊನೆ ಬದಲಿಸಿದರೆ ಏನೂ ಆಗುವುದಿಲ್ಲ.

2005ರಲ್ಲಿ ಯೂಟ್ಯೂಬ್ ಶುರುವಾದಾಗ ಈ ತಲೆನೋವು ಇರಲಿಲ್ಲ, ಯಾಕೆಂದರೆ ಬ್ರೌಸರ್ ವಿಡಿಯೋವನ್ನು ತಾನು ಮುಟ್ಟುತ್ತಲೇ ಇರಲಿಲ್ಲ, ಎಲ್ಲವನ್ನೂ ಫ್ಲಾಶ್ ಎಂಬ ಪ್ಲಗಿನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಬೇರೆ ಸಾಫ್ಟ್‌ವೇರ್) ನೋಡಿಕೊಳ್ಳುತ್ತಿತ್ತು. ಆದರೆ ವೆಬ್‌ನ ಬಹುಪಾಲು ವಿಡಿಯೋ ಒಂದೇ ಕಂಪನಿಯ ಪ್ಲಗಿನ್ ಮೇಲೆ ನಿಂತಿತ್ತು. 2007ರಲ್ಲಿ ಒಪೆರಾ ಬ್ರೌಸರ್‌ನವರು ಒಂದು ಸಲಹೆ ಕೊಟ್ಟರು: ಚಿತ್ರಕ್ಕೆ ಇಮೇಜ್ ಟ್ಯಾಗ್ ಇರುವ ಹಾಗೆ ವಿಡಿಯೋಗೂ ಒಂದು ಟ್ಯಾಗ್ ಇರಲಿ, ಅದಕ್ಕೆ ಆಗ್ ಥಿಯೋರಾ ಎಂಬ ಮುಕ್ತ ಫಾರ್ಮ್ಯಾಟ್ ಬಳಸೋಣ. ವೆಬ್ ಪುಟ ಬರೆಯುವ ಭಾಷೆಯ ಹೊಸ ಆವೃತ್ತಿಯಾದ ಎಚ್‌ಟಿಎಂಎಲ್5ರ ಕರಡಿನಲ್ಲಿ ಥಿಯೋರಾ ಹೆಸರೂ ಸೇರಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ನೋಕಿಯಾ ಮತ್ತು ಆಪಲ್ ವಿರೋಧಿಸಿದ ಮೇಲೆ, ಆ ಸಾಲನ್ನು ತೆಗೆದರು.

2009ರ ಜೂನ್ ಕೊನೆಯಲ್ಲಿ ಕರಡಿನ ಸಂಪಾದಕ ಇಯಾನ್ ಹಿಕ್ಸನ್ ಕೈಚೆಲ್ಲಿದರು. ಅವರು ಕೊಟ್ಟ ಕಾರಣಗಳನ್ನು ನೋಡಿದರೆ ಯಾರು ಎಲ್ಲಿ ನಿಂತಿದ್ದರು ಅನ್ನುವುದು ಗೊತ್ತಾಗುತ್ತದೆ. ಥಿಯೋರಾಗೆ ಹಾರ್ಡ್‌ವೇರ್ ಬೆಂಬಲ ಇಲ್ಲ, ಅದರ ಮೇಲೆ ಯಾರ ಪೇಟೆಂಟ್ ಇದೆಯೋ ಏನೋ ಎಂದು ಆಪಲ್ ಬೇಡ ಅಂದಿತು. ಪೇಟೆಂಟ್ ಇರುವ ಎಚ್.264 ಎಂಬ ಇನ್ನೊಂದು ಕೋಡೆಕ್‌ನ ಲೈಸೆನ್ಸ್ ನಮ್ಮಿಂದ ಆಗುವುದಿಲ್ಲ ಎಂದು ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಮತ್ತು ಒಪೆರಾ ಅಂದವು. ಗೂಗಲ್ ಕ್ರೋಮ್‌ನಲ್ಲಿ ಎರಡನ್ನೂ ಹಾಕಿತು. ಮೈಕ್ರೋಸಾಫ್ಟ್ ಏನೂ ಹೇಳಲಿಲ್ಲ. ಹಾಗಾಗಿ ವಿಡಿಯೋ ಟ್ಯಾಗ್ ಇರುತ್ತದೆ, ಆದರೆ ಇಂಥದ್ದೇ ಕೋಡೆಕ್ ಓಡಿಸಬೇಕು ಎಂಬ ನಿಯಮ ಇರುವುದಿಲ್ಲ ಎಂದು ತೀರ್ಮಾನವಾಯಿತು. ಆವತ್ತು ಖಾಲಿ ಬಿಟ್ಟ ಜಾಗ ಇವತ್ತಿಗೂ ಖಾಲಿಯೇ ಇದೆ. ನನ್ನ ಪ್ರಕಾರ ಎಲ್ಲ ತೊಂದರೆಯ ಬೇರು ಇದೇ.

ಅದರ ಫಲ ಪ್ರತಿ ವೆಬ್ ಡೆವಲಪರ್ ತಲೆಗೆ ಬಂತು. ಒಂದೇ ವಿಡಿಯೋವನ್ನು ಎರಡು ಮೂರು ಸಲ ಬೇರೆ ಬೇರೆ ಫಾರ್ಮ್ಯಾಟ್‌ಗೆ ಬದಲಿಸಿ, ವಿಡಿಯೋ ಟ್ಯಾಗ್ ಒಳಗೆ ಒಂದರ ಕೆಳಗೊಂದು ಸೋರ್ಸ್ ಟ್ಯಾಗ್ ಇಡಬೇಕು. ಬ್ರೌಸರ್ ಮೇಲಿಂದ ನೋಡುತ್ತಾ ಬಂದು ತನಗೆ ಗೊತ್ತಿರುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ಇದನ್ನು ಓಡಿಸುತ್ತೀಯಾ ಎಂದು ಜಾವಾಸ್ಕ್ರಿಪ್ಟ್‌ನಲ್ಲಿ ಬ್ರೌಸರನ್ನೇ ಕೇಳುವ ಫಂಕ್ಷನ್ ಕೂಡ ಇದೆ. ಅದು ಕೊಡುವ ಉತ್ತರ ಮೂರೇ: 'ಪ್ರಾಬಬ್ಲಿ', 'ಮೇಬಿ', ಇಲ್ಲವೇ ಖಾಲಿ. ಖಚಿತವಾಗಿ ಹೌದು ಅನ್ನುವ ಉತ್ತರವೇ ಅದರಲ್ಲಿಲ್ಲ.

ಮೊಜಿಲ್ಲಾ ಹಟ ಹಿಡಿದದ್ದಕ್ಕೆ ಗಟ್ಟಿ ಕಾರಣ ಇತ್ತು. ಎಚ್.264 ಪೇಟೆಂಟ್‌ಗಳನ್ನು ಒಟ್ಟುಮಾಡಿ ಲೈಸೆನ್ಸ್ ಕೊಡುತ್ತಿದ್ದದ್ದು ಎಂಪೆಗ್ ಎಲ್ಎ ಎಂಬ ಸಂಸ್ಥೆ. ಆಗ ಅದರ ವರ್ಷದ ಗರಿಷ್ಠ ಶುಲ್ಕ 50 ಲಕ್ಷ ಡಾಲರ್. ಅದನ್ನು ಹೇಗೋ ಕಟ್ಟಿದರೂ ಹಕ್ಕು ಸಿಗುವುದು ಮೊಜಿಲ್ಲಾ ಕೊಡುವ ಫೈರ್‌ಫಾಕ್ಸ್‌ಗೆ ಮಾತ್ರ. ಅದೇ ಕೋಡ್ ತೆಗೆದುಕೊಂಡು ತನ್ನದೇ ಆವೃತ್ತಿ ಮಾಡುವ ಲಿನಕ್ಸ್ ತಂಡಕ್ಕೋ ಒಬ್ಬ ವಿದ್ಯಾರ್ಥಿಗೋ ಆ ಹಕ್ಕು ಇಲ್ಲ. ಮುಕ್ತ ಸಾಫ್ಟ್‌ವೇರ್ ಅಂದಮೇಲೆ ಅದು ಎಲ್ಲರಿಗೂ ಸಿಗಬೇಕು ಅಲ್ವಾ?

2010ರಲ್ಲಿ ಒಂದರ ಮೇಲೊಂದು ಸುದ್ದಿ. ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಐಫೋನ್‌ಗೆ ಫ್ಲಾಶ್ ಬರುವುದಿಲ್ಲ ಎಂದು ಬಹಿರಂಗ ಪತ್ರ ಬರೆದರು. ಮೇನಲ್ಲಿ ಗೂಗಲ್, ತಾನು ಆಗಷ್ಟೇ ಕೊಂಡಿದ್ದ ಆನ್2 ಕಂಪನಿಯ ವಿಪಿ8 ಕೋಡೆಕ್ ಅನ್ನು ವೆಬ್‌ಎಂ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. 2011ರ ಜನವರಿಯಲ್ಲಿ ಕ್ರೋಮ್‌ನಿಂದ ಎಚ್.264 ತೆಗೆದೇ ಬಿಡುತ್ತೇವೆ ಅಂತಲೂ ಗೂಗಲ್ ಘೋಷಿಸಿತು. ತೆಗೆಯಲೇ ಇಲ್ಲ. ಆ ಮಾತು ನಂಬಿ ನಿಂತವರು ಮೊಜಿಲ್ಲಾದವರು. ಕೊನೆಗೆ 2012ರ ಮಾರ್ಚ್‌ನಲ್ಲಿ ಅವರೇ ಸೋಲಬೇಕಾಯಿತು. ಜನ ಮೊಬೈಲಿಗೆ ಹೋಗುತ್ತಿದ್ದರು, ಮೊಬೈಲಿನ ಚಿಪ್‌ಗಳು ಎಚ್.264 ಅನ್ನೇ ಓಡಿಸುತ್ತಿದ್ದವು. ಹಾಗಾಗಿ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಆಗಲೇ ಇರುವ ಡಿಕೋಡರ್ (ವಿಡಿಯೋ ಬಿಡಿಸುವ ಭಾಗ) ಬಳಸಿಕೊಳ್ಳುತ್ತೇವೆ ಅಂದರು.

ಇದರ ಮುಂದಿನ ತಿರುವು ನನಗೆ ತುಂಬಾ ವಿಚಿತ್ರ ಅನ್ನಿಸುತ್ತದೆ. ಬ್ರೌಸರ್‌ನಲ್ಲಿ ವಿಡಿಯೋ ಕಾಲ್ ಮಾಡಲು ಯಾವ ಕೋಡೆಕ್ ಅನ್ನುವ ಜಗಳ ಎದ್ದಾಗ, 2013ರಲ್ಲಿ ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೊ ತನ್ನ ಎಚ್.264 ಕೋಡ್ ಅನ್ನು ಮುಕ್ತವಾಗಿ ಬಿಟ್ಟಿತು. ಆದರೆ ಲೈಸೆನ್ಸ್ ಹಣ ಸಿಸ್ಕೊ ಕಟ್ಟುವುದರಿಂದ, ಓಡಿಸುವ ಫೈಲನ್ನು ಸಿಸ್ಕೊವೇ ಕೊಡಬೇಕು. ಅದಕ್ಕೇ ಫೈರ್‌ಫಾಕ್ಸ್ ಇನ್‌ಸ್ಟಾಲ್ ಮಾಡಿದ ಮೇಲೆ ಅದು ಸದ್ದಿಲ್ಲದೆ ಸಿಸ್ಕೊ ಸರ್ವರಿನಿಂದ ಒಂದು ಪ್ಲಗಿನ್ ಇಳಿಸಿಕೊಳ್ಳುತ್ತದೆ. ಫೈರ್‌ಫಾಕ್ಸ್‌ನ ಪ್ಲಗಿನ್ ಪುಟ ತೆರೆದರೆ ಓಪನ್‌ಎಚ್264 ಎಂಬ ಹೆಸರಿನಲ್ಲಿ ಅದು ಕಾಣುತ್ತದೆ.

ಕನ್ನಡದ ಕೆಲಸಕ್ಕೂ ಇದರ ಬಿಸಿ ತಟ್ಟಿದೆ. ಕನ್ನಡ ವಿಕಿಪೀಡಿಯದ ಲೇಖನಕ್ಕೆ ಯಕ್ಷಗಾನದ್ದೋ ಕಂಬಳದ್ದೋ ವಿಡಿಯೋ ಸೇರಿಸಬೇಕೆಂದರೆ ಸಾಮಾನ್ಯವಾಗಿ ಅದನ್ನು ವಿಕಿಪೀಡಿಯದ ಚಿತ್ರ, ವಿಡಿಯೋಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬೇಕು. ಕಾಮನ್ಸ್ ಎಂಪಿ4 ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳೋಣವೇ ಎಂದು 2014ರ ಆರಂಭದಲ್ಲಿ ಸಮುದಾಯವನ್ನೇ ಕೇಳಿದ್ದರು, ಜಾಸ್ತಿ ಜನ ಬೇಡ ಅಂದರು. ಫೋನಿನಿಂದ ನೇರ ಏರಿಸಲು ಆಗದೆ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ, ನಿಜ. ಆದರೂ ಎಲ್ಲರದೂ ಆಗಿರುವ ಜ್ಞಾನ ಯಾರದೋ ಲೈಸೆನ್ಸಿಗೆ ಸಿಕ್ಕಿಕೊಳ್ಳಬಾರದು ಎಂಬ ಅವರ ನಿಲುವು ಸರಿ ಅಂತಲೇ ನಾನು ಹೇಳುತ್ತೇನೆ. ಆಗ ಆಪಲ್‌ನ ಬ್ರೌಸರ್ ಸಫಾರಿ, ಥಿಯೋರಾ, ವೆಬ್‌ಎಂನಂಥ ಮುಕ್ತ ಫಾರ್ಮ್ಯಾಟ್‌ಗಳನ್ನು ಓಡಿಸುತ್ತಿರಲಿಲ್ಲ. ಅದಕ್ಕಾಗಿ ವಿಕಿಮೀಡಿಯದ ಬ್ರೂಕ್ ವಿಬ್ಬರ್ ಜಾವಾಸ್ಕ್ರಿಪ್ಟ್‌ನಲ್ಲಿಯೇ ಓಡುವ ಡಿಕೋಡರ್ ಒಂದನ್ನು ಕಟ್ಟಿದರು.

ಎಚ್.264 ಜಗಳ ತಣ್ಣಗಾಗುವಷ್ಟರಲ್ಲಿ 2013ರಲ್ಲಿ ಎಚ್‌ಇವಿಸಿ ಬಂತು. ಅರ್ಧದಷ್ಟು ಡೇಟಾದಲ್ಲಿ ಹೆಚ್ಚುಕಡಿಮೆ ಅದೇ ಗುಣಮಟ್ಟ. ಆದರೆ ಲೈಸೆನ್ಸ್ ಕೇಳುವ ಗುಂಪು ಒಂದಲ್ಲ, 2015ರ ಹೊತ್ತಿಗೆ ಎರಡಾದವು, ಆಮೇಲೆ ಮೂರು. ಇದರಿಂದ ಬೇಸತ್ತ ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್, ಅಮೆಜಾನ್, ಸಿಸ್ಕೊ, ಇಂಟೆಲ್ ಸೇರಿ 2015ರಲ್ಲಿ ಒಕ್ಕೂಟ ಕಟ್ಟಿಕೊಂಡು, 2018ರಲ್ಲಿ ಎವಿ1 ಎಂಬ ಉಚಿತ ಕೋಡೆಕ್ ಹೊರತಂದವು. ಆಪಲ್ ಕೂಡ ಸೇರಿತು, ಆದರೆ ಎವಿ1 ಬಿಡಿಸುವ ಚಿಪ್ ಐಫೋನಿಗೆ ಬಂದದ್ದು 2023ರಲ್ಲಿ, ಅದೂ 15 ಪ್ರೊ ಮಾದರಿಗಳಿಗೆ. ಅಷ್ಟರಲ್ಲಿ ಸಿಸ್ವೆಲ್ ಎಂಬ ಕಂಪನಿ ಎವಿ1 ಮೇಲೂ ಪೇಟೆಂಟ್ ಇದೆ ಎಂದು ಲೈಸೆನ್ಸ್ ಮಾರಲು ಶುರು ಮಾಡಿತ್ತು.

ಎಚ್‌ಇವಿಸಿಯನ್ನು ಕ್ರೋಮ್ 2022ರಲ್ಲಿ, ಫೈರ್‌ಫಾಕ್ಸ್ 2025ರಲ್ಲಿ ಒಪ್ಪಿಕೊಂಡವು. ಆದರೆ ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಹಾರ್ಡ್‌ವೇರ್‌ಗೆ ಬಿಟ್ಟಿವೆ, ಹಳೇ ಲ್ಯಾಪ್‌ಟಾಪಿನಲ್ಲಿ ಪರದೆ ಕಪ್ಪಾಗುವುದು ಇದಕ್ಕೇ. ಎಲ್ಲ ಕಡೆ ಓಡಬೇಕೆಂದರೆ ಈಗಲೂ 2003ರ ಎಚ್.264 ಕೋಡೆಕ್ಕೇ ಗತಿ. ಐಫೋನ್ ಇರುವವರು ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿಕೊಂಡರೆ ಫೋನ್ ಅದರಲ್ಲೇ ರೆಕಾರ್ಡ್ ಮಾಡುತ್ತದೆ. ಫೈಲ್ ದೊಡ್ಡದಾಗುತ್ತದೆ, ಸೆಕೆಂಡಿಗೆ 60 ಫ್ರೇಮ್‌ನ 4ಕೆ ಸಿಗುವುದಿಲ್ಲ. ಆದರೆ ಹಳೇ ಲ್ಯಾಪ್‌ಟಾಪಿನಲ್ಲೂ ಚಿತ್ರ ಕಾಣುತ್ತದೆ.