ಸಿಟಿ ಟೇಬಲಿನ ಎತ್ತರ: ಕಣ್ಣಳತೆಯಿಂದ ಕ್ಯಾಮೆರಾದವರೆಗೆ

ಸಿಟಿ ಸ್ಕ್ಯಾನಿಗೆ ಮಲಗಿದವರ ಮೈಮೇಲೆ ಕೆಂಪು ಲೇಸರ್ ಗೆರೆಗಳು ಬೀಳುವುದನ್ನು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಸ್ಕ್ಯಾನಿಂಗ್ ಮಾಡಿಸಿಕೊಂಡವರು ನೋಡಿರುತ್ತಾರೆ. ಟೆಕ್ನಿಷಿಯನ್ ಟೇಬಲನ್ನು ಚೂರು ಮೇಲೆ, ಚೂರು ಕೆಳಗೆ ಮಾಡಿ, ಗೆರೆ ಪಕ್ಕೆಯ ನಡುಮಟ್ಟಕ್ಕೆ ಬಂತು ಅನ್ನಿಸಿದ ಮೇಲೆ ಹೊರಗೆ ಹೋಗುತ್ತಾರೆ. ಅರ್ಧ ನಿಮಿಷದ ಕೆಲಸ. ಈಗ ಹೊಸ ಯಂತ್ರಗಳಲ್ಲಿ ಇದನ್ನು ಚಾವಣಿಗೆ ಬಿಗಿದ ಕ್ಯಾಮೆರಾಕ್ಕೆ ಒಪ್ಪಿಸಲಾಗುತ್ತಿದೆ. ಅರ್ಧ ನಿಮಿಷದ ಕೆಲಸಕ್ಕೆ ಇಷ್ಟೊಂದು ಏರ್ಪಾಡು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಟಿಯ ಆರಂಭದಲ್ಲೇ ಇದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಸ್ಕ್ಯಾನ್ ಮಾಡಿತು. ಅದು ತಲೆಗೆ ಮಾತ್ರ. ರೋಗಿಯ ತಲೆ ರಬ್ಬರ್ ಟೊಪ್ಪಿಯೊಳಗೆ, ಟೊಪ್ಪಿಯ ಸುತ್ತ ನೀರಿನ ಪೆಟ್ಟಿಗೆ. ತಲೆ ಗುಂಡಗಿರುವುದರಿಂದ ನಡುವೆ ಹಾಯುವ ಕಿರಣಕ್ಕೆ ಹೆಚ್ಚು ಅಡ್ಡಿ, ಅಂಚಿನಲ್ಲಿ ಹಾಯುವುದಕ್ಕೆ ಕಡಿಮೆ. ನೀರು ಆ ವ್ಯತ್ಯಾಸವನ್ನು ತುಂಬಿಕೊಡುತ್ತಿತ್ತು. ಜೊತೆಗೆ ತಲೆ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುತ್ತಿದ್ದರಿಂದ ಎತ್ತರ ತಪ್ಪುವ ಅವಕಾಶವೂ ಕಡಿಮೆ. ಆದರೆ ಹೊಟ್ಟೆ, ಎದೆಯನ್ನು ನೀರಿನ ಪೆಟ್ಟಿಗೆಗೆ ತುರುಕಲು ಆಗುವುದಿಲ್ಲ. 1974ರಲ್ಲಿ ಅಮೆರಿಕದ ರಾಬರ್ಟ್ ಲೆಡ್ಲಿ ನೀರಿಲ್ಲದೆ ಇಡೀ ದೇಹವನ್ನು ಸ್ಕ್ಯಾನ್ ಮಾಡುವ ಯಂತ್ರ ತಂದರು.

ನೀರು ಮಾಡುತ್ತಿದ್ದ ಕೆಲಸ ಮುಂದೆ ಬೋಟೈ ಫಿಲ್ಟರಿನ ಪಾಲಿಗೆ ಬಂತು. ಎಕ್ಸ್‌-ರೇ ಟ್ಯೂಬಿನ ಬಾಯಿಯಲ್ಲಿ ಕೂರುವ ಈ ತುಂಡು ನಡುವೆ ತೆಳ್ಳಗೆ, ಎರಡೂ ಅಂಚಿನಲ್ಲಿ ದಪ್ಪ. ದೇಹದ ದಪ್ಪ ಭಾಗಕ್ಕೆ ಹೆಚ್ಚು ಕಿರಣ, ತೆಳು ಅಂಚಿಗೆ ಕಡಿಮೆ ಕಿರಣ ಹೋಗಲೆಂದು ಈ ಆಕಾರ. ಲೆಕ್ಕ ಸರಿಬರಬೇಕಾದರೆ ದೇಹದ ನಡು ಗ್ಯಾಂಟ್ರಿಯ (ಟೇಬಲ್ ಒಳಹೋಗುವ ದೊಡ್ಡ ಬಳೆಯ) ನಡುವಿಗೇ, ಅಂದರೆ ಐಸೋಸೆಂಟರಿಗೇ ಇರಬೇಕು. ಮೇಲೆ ಕೆಳಗೆ ಆದರೆ ಫಿಲ್ಟರಿನ ತೆಳು ಭಾಗದ ಎದುರಿಗೆ ದೇಹದ ಅಂಚು ಬರುತ್ತದೆ: ಒಂದು ಬದಿಯ ಚರ್ಮಕ್ಕೆ ಬೇಡದ ಡೋಸ್, ಅಂದರೆ ವಿಕಿರಣ, ಇನ್ನೊಂದು ಬದಿಯ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಮಸುಕು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು 32 ಸೆಂ.ಮೀ. ವ್ಯಾಸದ ಫ್ಯಾಂಟಮಿನಲ್ಲಿ (ದೇಹದ ಬದಲು ಇಟ್ಟು ಅಳೆಯುವ ದಿಮ್ಮಿಯಲ್ಲಿ) ಅಳೆದಿತ್ತು. 3 ಸೆಂ.ಮೀ. ತಪ್ಪಿದರೆ ಹೊರಮೈಯ ಡೋಸ್ ಶೇ. 18, 6 ಸೆಂ.ಮೀ. ತಪ್ಪಿದರೆ ಶೇ. 41 ಹೆಚ್ಚು. ಅದೇ ಅಧ್ಯಯನ 273 ರೋಗಿಗಳ ಸ್ಕೌಟ್ ಚಿತ್ರಗಳನ್ನು (ಸ್ಕ್ಯಾನಿಗೆ ಮೊದಲು ತೆಗೆಯುವ ನೆರಳು ಚಿತ್ರಗಳನ್ನು) ನೋಡಿದಾಗ ಅವರು ಐಸೋಸೆಂಟರಿಗಿಂತ ಸರಾಸರಿ 2.3 ಸೆಂ.ಮೀ. ಕೆಳಗೆ ಮಲಗಿದ್ದರು. ಮೇಲಕ್ಕೂ ಕೆಳಕ್ಕೂ ಸಮನಾಗಿ ಹಂಚಿಹೋದ ತಪ್ಪಲ್ಲ ಇದು, ಒಂದೇ ಕಡೆಗೆ ವಾಲಿದ ತಪ್ಪು. ಹಾಗಾಗಿ ಇದನ್ನು ಬರೀ ಅಜಾಗ್ರತೆ ಎಂದು ತಳ್ಳಿಹಾಕುವುದು ಸರಿಯಲ್ಲ. ಪಕ್ಕದ ಲೇಸರ್ ಬೀಳಬೇಕಾದ ಜಾಗದಲ್ಲಿ ರೋಗಿಯ ತೋಳು, ಹೊದಿಕೆ, ಸಡಿಲ ಬಟ್ಟೆ ಇರುತ್ತವೆ, ನಡುಮಟ್ಟ ಎಲ್ಲಿದೆಯೆಂಬುದು ಅಂದಾಜಿನ ಮಾತೇ ಆಗುತ್ತದೆ.

ಟ್ಯೂಬ್ ಕರೆಂಟನ್ನು, ಅಂದರೆ ಹೊರಬೀಳುವ ಕಿರಣದ ಪ್ರಮಾಣವನ್ನು, ದೇಹದ ಗಾತ್ರಕ್ಕೆ ತಕ್ಕಂತೆ ತಾನೇ ಏರಿಸಿ ಇಳಿಸುವ ವ್ಯವಸ್ಥೆ ಬಂದ ಮೇಲೆ ಈ ತಪ್ಪಿನ ಬೆಲೆ ಹೆಚ್ಚಿತು. ಯಂತ್ರ ದೇಹದ ಗಾತ್ರವನ್ನು ತಿಳಿಯುವುದು ಮೊದಲು ತೆಗೆಯುವ ಸ್ಕೌಟ್ ಚಿತ್ರದಿಂದ. ಟ್ಯೂಬಿನಿಂದ ಐಸೋಸೆಂಟರಿಗೆ 57 ಸೆಂ.ಮೀ. ಎಂದಿಟ್ಟುಕೊಳ್ಳಿ. ರೋಗಿ 3 ಸೆಂ.ಮೀ. ಟ್ಯೂಬಿನ ಹತ್ತಿರಕ್ಕೆ ಸರಿದರೆ ನೆರಳು ಸುಮಾರು ಶೇ. 5.5 ಅಗಲ ಕಾಣುತ್ತದೆ. ಯಂತ್ರ ದಪ್ಪ ದೇಹವೆಂದು ನಂಬಿ ಕರೆಂಟ್ ಏರಿಸುತ್ತದೆ. ದೂರ ಸರಿದರೆ ತೆಳ್ಳಗೆ ಕಂಡು ಕರೆಂಟ್ ಇಳಿಯುತ್ತದೆ, ಚಿತ್ರ ಕೆಡುತ್ತದೆ. ಆದ್ದರಿಂದ ಕೆಳಗೆ ಮಲಗಿದ ಅದೇ ರೋಗಿಗೆ ಟ್ಯೂಬ್ ಮೇಲಿಟ್ಟು ಸ್ಕೌಟ್ ತೆಗೆದರೆ ಒಂದು ಡೋಸ್, ಕೆಳಗಿಟ್ಟು ತೆಗೆದರೆ ಇನ್ನೊಂದು.

ರೋಗಿ ಮಲಗಿದ ಜಾಗವನ್ನು ನೋಡಿ ಅಳೆಯುವ ಸೆನ್ಸರ್ ಮೊದಲು ಬೇರೂರಿದ್ದು ಸ್ಕ್ಯಾನಿಂಗಿನಲ್ಲಿ ಅಲ್ಲ, ಕ್ಯಾನ್ಸರಿನ ರೇಡಿಯೇಶನ್ ಚಿಕಿತ್ಸೆಯಲ್ಲಿ. ಅಲ್ಲಿ ರೋಗಿ ವಾರಗಟ್ಟಲೆ ದಿನವೂ ಅದೇ ಭಂಗಿಯಲ್ಲಿ ಮಲಗಬೇಕು. ಹಚ್ಚೆಯ ಚುಕ್ಕೆ ಮತ್ತು ಲೇಸರಿನ ಜೊತೆಗೆ, ಚರ್ಮದ ಮೇಲ್ಮೈಯನ್ನೇ ಮೂರು ಆಯಾಮದಲ್ಲಿ ಅಳೆಯುವ ಕ್ಯಾಮೆರಾಗಳು 2000ರ ನಂತರ ಅಲ್ಲಿಗೆ ಬಂದವು. ಅವು ದುಬಾರಿ. ಆಳ ಅಳೆಯುವ ಕ್ಯಾಮೆರಾ ಅಗ್ಗವಾದದ್ದು ಆಟದ ಸಾಮಾನಿನಿಂದ: 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಕಿನೆಕ್ಟ್. ಮೊದಲ ಕಿನೆಕ್ಟ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ, ಅವು ಎಷ್ಟು ಜರುಗಿದವೆಂದು ನೋಡಿ ದೂರ ಲೆಕ್ಕಹಾಕುತ್ತಿತ್ತು. 2013ರ ಎರಡನೆಯದು ಬೆಳಕು ಹೋಗಿ ಬರುವ ಸಮಯವನ್ನು ಆಧಾರ ಮಾಡಿಕೊಂಡಿತು. ಒಂದು ಸೆಂ.ಮೀ. ಆಳದ ವ್ಯತ್ಯಾಸವೆಂದರೆ ಬೆಳಕಿಗೆ ಸುಮಾರು 67 ಪಿಕೋಸೆಕೆಂಡ್. ಅಷ್ಟನ್ನು ಗಡಿಯಾರದಿಂದ ನೇರವಾಗಿ ಅಳೆಯುವ ಬದಲು, ಮಿಡಿಯುವ ಬೆಳಕು ಮರಳಿದಾಗ ಎಷ್ಟು ಹಿಂದುಳಿದಿದೆ ಎಂಬುದನ್ನು ಅಳೆಯುತ್ತಾರೆ. ಕಳೆದ ದಶಕ ಮುಗಿಯುವುದರೊಳಗೆ ದೊಡ್ಡ ಸಿಟಿ ಕಂಪನಿಗಳು ಇಂಥ ಕ್ಯಾಮೆರಾವನ್ನು ಟೇಬಲಿನ ಮೇಲಿನ ಚಾವಣಿಗೆ ಏರಿಸತೊಡಗಿದವು.

ಕೆಲಸ ನಡೆಯುವುದು ಹೀಗೆ. ರೋಗಿಯನ್ನು ಅಂಗಾತ ಮಲಗಿಸಿ, ಕೈಗಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಹೊದಿಕೆ ತೆಗೆದು ಕ್ಯಾಮೆರಾ ಚಿತ್ರ ಹಿಡಿಯಬೇಕು. ಸಾಫ್ಟ್‌ವೇರ್ ಹೆಗಲು, ಸೊಂಟ, ಮೊಣಕಾಲುಗಳನ್ನು ಗುರುತಿಸಿ, ತನ್ನಲ್ಲಿರುವ ಮಾದರಿ ದೇಹವನ್ನು ಅದಕ್ಕೆ ಹೊಂದಿಸುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಮೇಲ್ಮೈ ಮಾತ್ರ. ಬೆನ್ನು ಎಲ್ಲಿದೆಯೆಂದು ಟೇಬಲಿನ ಎತ್ತರ ಮತ್ತು ಹಾಸಿಗೆಯ ದಪ್ಪದಿಂದ ಊಹಿಸಿ, ನಡುಮಟ್ಟ ಹಿಡಿದು, ಸ್ಕ್ಯಾನ್ ಎಲ್ಲಿಂದ ಎಲ್ಲಿಗೆ ಎಂಬ ಚೌಕಟ್ಟನ್ನು ಪರದೆಯಲ್ಲಿ ತೋರಿಸುತ್ತದೆ. ಟೆಕ್ನಿಷಿಯನ್ ಒಪ್ಪಿದ ಮೇಲೆ ಟೇಬಲ್ ಚಲಿಸುತ್ತದೆ.

ಕೆಡುವುದೂ ಇಲ್ಲೇ. ಬೆನ್ನಿನಡಿ ಮಡಚಿಟ್ಟ ಬೈರಾಸು, ಕಂಪನಿ ಕೊಟ್ಟದ್ದಲ್ಲದ ದಪ್ಪ ಹಾಸಿಗೆ, ತೆಗೆಯದೆ ಬಿಟ್ಟ ಸ್ಟ್ರೆಚರ್ ಬೋರ್ಡ್ ಇವು ಕ್ಯಾಮೆರಾಕ್ಕೆ ಕಾಣುವುದಿಲ್ಲ. 4 ಸೆಂ.ಮೀ. ಬೈರಾಸು ಲೆಕ್ಕದಲ್ಲಿ ದೇಹವಾಗುತ್ತದೆ, ನಡುಮಟ್ಟ 2 ಸೆಂ.ಮೀ. ತಪ್ಪುತ್ತದೆ. ಹೊಟ್ಟೆಯ ಮೇಲೆ ಉಬ್ಬಿದ ಸೀರೆ, ಮುಂಡು, ಬುರ್ಖಾ ಎದುರಿನಿಂದ ಅದೇ ತಪ್ಪು ಮಾಡಿಸುತ್ತವೆ. ಇನ್‌ಫ್ರಾರೆಡ್ ಹೀರುವ ಕಪ್ಪು ಬಟ್ಟೆಯಲ್ಲಿ ಚಿತ್ರಕ್ಕೆ ತೂತು ಬೀಳುತ್ತದೆ. ಚಿತ್ರ ಹಿಡಿದ ಮೇಲೆ ರೋಗಿ ಮಿಸುಕಿದರೆ ಅಥವಾ ಇಂಜೆಕ್ಟರಿನ ತೋಳು ಕ್ಯಾಮೆರಾಕ್ಕೆ ಅಡ್ಡ ಬಂದರೆ ಮತ್ತೆ ಹಿಡಿಯಲೇಬೇಕು. ಏಸಿ ಡಕ್ಟಿನ ರಿಪೇರಿಗೆ ಚಾವಣಿ ಬಿಚ್ಚಿದವರು ಕ್ಯಾಮೆರಾವನ್ನು ಚೂರು ತಿರುಗಿಸಿಬಿಟ್ಟರಂತೂ ಎಲ್ಲ ರೋಗಿಗಳೂ ಒಂದೇ ಕಡೆಗೆ ತಪ್ಪುತ್ತಾರೆ. ಅದನ್ನು ಹಿಡಿಯಲು ಫ್ಯಾಂಟಮ್ ಇಟ್ಟು ನೋಡಬೇಕು.

2020ರಲ್ಲಿ ಈ ಕ್ಯಾಮೆರಾಗಳಿಗೆ ಇನ್ನೊಂದು ಕಾರಣ ಸಿಕ್ಕಿತು. ಕೋವಿಡ್ ರೋಗಿಯನ್ನು ಮುಟ್ಟದೆ, ಗಾಜಿನ ಆಚೆಯಿಂದಲೇ ಟೇಬಲ್ ಹೊಂದಿಸಲು ಚೀನಾದ ಆಸ್ಪತ್ರೆಗಳು ಇವನ್ನು ಬಳಸಿದವು. ಅದೇ ಮಾರ್ಚಿನಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಗಡಿಯಲ್ಲಿ ನಿಂತಿದ್ದರು. ನಮ್ಮ ಕಡೆ ಮುಟ್ಟುವ, ಮುಟ್ಟದಿರುವ ಪ್ರಶ್ನೆ ಆಮೇಲಿನದು, ಟೇಬಲಿನವರೆಗೆ ತಲುಪುವುದೇ ಮೊದಲ ಪ್ರಶ್ನೆಯಾಗಿತ್ತು.

ಇಲ್ಲಿಯವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಮಾದರಿ ದೇಹಕ್ಕೆ ಹೊಂದದವರ ಗತಿ ಏನು? ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ, ಕಾಸರಗೋಡು ಜಿಲ್ಲೆಯ ಎಣ್ಮಕಜೆಯಂಥ ಪಂಚಾಯತುಗಳ ಸಂತ್ರಸ್ತರಲ್ಲಿ ತಲೆಯಲ್ಲಿ ನೀರು ತುಂಬಿದ ಮಕ್ಕಳಿದ್ದಾರೆ, ಕೈಕಾಲು ಸೆಟೆದವರಿದ್ದಾರೆ, ಬೆನ್ನು ಬಾಗಿದವರಿದ್ದಾರೆ. ತಲೆಯ ಸಿಟಿ ಮತ್ತೆ ಮತ್ತೆ ಬೇಕಾಗುವುದು ಇಂಥವರಿಗೇ, ಡೋಸ್ ಉಳಿಸಬೇಕಾದದ್ದೂ ಇವರಿಗೇ. ಮೊಣಕಾಲು ಎದೆಗೆ ಮಡಚಿದ್ದರೆ ಸಾಫ್ಟ್‌ವೇರ್ ಅದನ್ನೇ ಹೊಟ್ಟೆಯ ಎತ್ತರವೆಂದು ಎಣಿಸಬಹುದು. ದೊಡ್ಡ ತಲೆ ಹೆಡ್ ಹೋಲ್ಡರಿನಲ್ಲಿ ಕೂರದೆ ಟೇಬಲಿನ ಮೇಲೇ ಇಟ್ಟರೆ ಎತ್ತರದ ಲೆಕ್ಕವೇ ಬೇರೆ.

ಇಂಥಲ್ಲಿ ಕ್ಯಾಮೆರಾ ಸೂಚಿಸಿದ್ದನ್ನು ಬದಿಗಿಟ್ಟು ಹಳೆಯ ದಾರಿ ಹಿಡಿಯುವುದೇ ಲೇಸು. ಫೋಮ್ ತುಂಡುಗಳನ್ನು ದೇಹದ ಬಾಗಿಗೆ ತಕ್ಕಂತೆ ಇಟ್ಟು, ಬಲವಂತವಾಗಿ ನೇರ ಮಾಡದೆ, ಪಟ್ಟಿ ಕಟ್ಟಬೇಕು. ಸ್ಕ್ಯಾನ್ ಮಾಡುವ ಭಾಗದ ನಡುವಿಗೆ ಲೇಸರ್ ಹಿಡಿದು, ಎದುರಿನ ಸ್ಕೌಟಿನ ಜೊತೆ ಪಕ್ಕದ ಸ್ಕೌಟನ್ನೂ ತೆಗೆಯಬೇಕು. ಎತ್ತರದ ತಪ್ಪು ಕಾಣುವುದು ಪಕ್ಕದ್ದರಲ್ಲಿ. ಕ್ಯಾಮೆರಾ ಇಲ್ಲದ ಹಳೆಯ ಯಂತ್ರಗಳಿರುವ ಸ್ಕ್ಯಾನಿಂಗ್ ಸೆಂಟರುಗಳಿಗೂ ಇದೇ ಉಪಾಯ ಸಾಕು. ಎತ್ತರ ಬದಲಿಸಿದರೆ ಸ್ಕೌಟನ್ನು ಮತ್ತೆ ತೆಗೆಯಬೇಕು. ಸ್ಕೌಟಿನ ಡೋಸ್ ಸ್ಕ್ಯಾನಿನ ಮುಂದೆ ಅಲ್ಪ, ತೆಗೆಯದಿದ್ದರೆ ಯಂತ್ರ ಹಳೆಯ ನೆರಳನ್ನೇ ನಂಬಿ ಕರೆಂಟ್ ಕೊಡುತ್ತದೆ.